ಕೆಲಸ ಹೋದಾಗ ಕಾರಿನ ವಿಮೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡಿರುವ ಪತ್ರಗಳೆಲ್ಲ ಕೆಲಸ ಕಳೆದುಕೊಂಡವರು ಅಥವಾ ಅವರ ಮನೆಯವರು ಬರೆದವು. ಎಲ್ಲರ ಚಿಂತೆಯೂ ಕಾರಿನ ವಿಮೆಯ ಖರ್ಚಿನದು. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಟ್ಟು, ಉತ್ತರಕ್ಕೆ ಬೇಕಾದಷ್ಟು ವಿವರವನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಮಾನ್ಯರೇ, ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದೆ. ಮೂರು ತಿಂಗಳ ಹಿಂದೆ ನಮ್ಮ ತಂಡವನ್ನೇ ತೆಗೆದುಹಾಕಿದರು. ನನ್ನದು 1,197 ಸಿಸಿಯ ಪೆಟ್ರೋಲ್ ಕಾರು, ಐದು ವರ್ಷ ಹಳೆಯದು, ಸಾಲ ತೀರಿದೆ. ಇಷ್ಟು ವರ್ಷ ಕಂಪನಿಯ ಉದ್ಯೋಗಿ ಸೌಲಭ್ಯಗಳ ಪೋರ್ಟಲ್ ಮೂಲಕ ವಿಮೆ ಮಾಡಿಸುತ್ತಿದ್ದೆ. ಈ ಸಲ ನೇರವಾಗಿ ವಿಚಾರಿಸಿದರೆ ಪ್ರೀಮಿಯಂ ಹೆಚ್ಚುಕಡಿಮೆ ಒಂದೂವರೆ ಪಟ್ಟು ಹೇಳುತ್ತಿದ್ದಾರೆ. ಕಳೆದ ಮಳೆಗಾಲದಲ್ಲಿ ಬಂಪರ್ ಒಡೆದಿದ್ದಕ್ಕೆ ಒಂದು ಕ್ಲೇಮ್ ಮಾಡಿದ್ದೆ. ಕೆಲಸವಿಲ್ಲದವರ ಸಿಬಿಲ್ (ಸಾಲದ ಚರಿತ್ರೆಯ ಅಂಕ) ನೋಡಿ ವಿಮಾ ಕಂಪನಿಯವರು ದರ ಏರಿಸುತ್ತಾರೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಇದು ನಿಜವೇ? ಕಾರು ಈಗ ಬೇಸ್‌ಮೆಂಟಿನಲ್ಲೇ ನಿಂತಿರುತ್ತದೆ. ಥರ್ಡ್ ಪಾರ್ಟಿ ಮಾತ್ರ ಮಾಡಿಸಿದರೆ ಸಾಲದೇ?

ಉತ್ತರ: ನಿಮ್ಮ ಪ್ರೀಮಿಯಂ ಏರಿದ್ದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ, ಅದು ಸಿಬಿಲ್ ಅಲ್ಲ. ಕಾರಿನ ವಿಮೆಯಲ್ಲಿ ಎರಡು ಭಾಗಗಳಿವೆ. ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಸಾವು, ಗಾಯ, ನಷ್ಟಕ್ಕೆ ಹೊಣೆ ಹೊರುವುದು ಥರ್ಡ್ ಪಾರ್ಟಿ ಭಾಗ. ಇದರ ದರವನ್ನು ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯವು ವಿಮಾ ನಿಯಂತ್ರಣ ಪ್ರಾಧಿಕಾರದೊಡನೆ ಸಮಾಲೋಚಿಸಿ ನಿಗದಿಪಡಿಸುತ್ತದೆ. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯಲ್ಲಿ 1,000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, ಅಲ್ಲಿಂದ 1,500 ಸಿಸಿವರೆಗೆ 3,416 ರೂಪಾಯಿ, ಅದಕ್ಕೂ ಮೇಲ್ಪಟ್ಟರೆ 7,897 ರೂಪಾಯಿ ಎಂದಿದೆ. ಇದರ ಮೇಲೆ ಶೇ 18 ಜಿಎಸ್‌ಟಿ. ನಿಮ್ಮ ಅಳತೆಯ ಕಾರಿಗೆ ಮಂತ್ರಿಯಾದರೂ ಮೇಸ್ತ್ರಿಯಾದರೂ ಅದೇ 3,416. ಕೆಲಸ, ಸಂಬಳ, ಸಾಲದ ಚರಿತ್ರೆ ಯಾವುದನ್ನೂ ಅದು ಕೇಳುವುದಿಲ್ಲ.

ಎರಡನೆಯದು ಸ್ವಂತ ಕಾರಿನ ಹಾನಿಯ ಭಾಗ, ಅಂದರೆ ಜನ ಫುಲ್ ಇನ್ಶೂರೆನ್ಸ್ ಎಂದು ಕರೆಯುವ ಪಾಲಿಸಿಯಲ್ಲಿ ಥರ್ಡ್ ಪಾರ್ಟಿಯ ಮೇಲೆ ಸೇರುವ ಭಾಗ. ಇಲ್ಲಿ 2007ರಿಂದ ಕಂಪನಿಗಳಿಗೆ ದರ ನಿರ್ಧರಿಸುವ ಸ್ವಾತಂತ್ರ್ಯವಿದೆ. ಕಾರು ಕಳವಾದರೆ ಅಥವಾ ಪೂರ್ತಿ ಹಾಳಾದರೆ ಸಿಗುವ ಹಣಕ್ಕೆ ಆಧಾರವಾದ ಘೋಷಿತ ಮೌಲ್ಯ (ಐಡಿವಿ), ಕಾರಿನ ವಯಸ್ಸು, ಎಂಜಿನ್ನಿನ ಅಳತೆ, ನೋಂದಣಿಯಾದ ಊರು, ಹಿಂದಿನ ಕ್ಲೇಮ್‌ಗಳು ಇದನ್ನು ತೀರ್ಮಾನಿಸುತ್ತವೆ. ಕೆಲವು ಕಂಪನಿಗಳು ಅರ್ಜಿಯಲ್ಲಿ ವೃತ್ತಿಯನ್ನು ಕೇಳಿ ಸರ್ಕಾರಿ ನೌಕರರು, ವೈದ್ಯರು, ಶಿಕ್ಷಕರು ಮುಂತಾದವರಿಗೆ ಒಂದಷ್ಟು ರಿಯಾಯಿತಿ ಕೊಡುವುದುಂಟು. ದೊಡ್ಡ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು ಅಲ್ಲಿನ ಉದ್ಯೋಗಿಗಳಿಗೆ ದರ ಇಳಿಸುವುದೂ ಉಂಟು. ನಿಮಗೆ ಸಿಗುತ್ತಿದ್ದದ್ದು ಈ ಎರಡನೆಯ ಬಗೆಯದಾಗಿರಬೇಕು. ಕೆಲಸ ಹೋದದ್ದಕ್ಕೆ ಯಾರೂ ನಿಮಗೆ ದಂಡ ಹಾಕಿಲ್ಲ; ಕೆಲಸದ ಜೊತೆ ಬಂದಿದ್ದ ರಿಯಾಯಿತಿ ಕೆಲಸದ ಜೊತೆಗೇ ಹೋಗಿದೆ.

ಆದರೆ ಹೆಚ್ಚಳದ ದೊಡ್ಡ ಪಾಲು ಆ ಬಂಪರಿನದು. ಕ್ಲೇಮ್ ಮಾಡದ ಪ್ರತಿ ವರ್ಷಕ್ಕೂ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ನೋ ಕ್ಲೇಮ್ ಬೋನಸ್ ಸಿಗುತ್ತದೆ: ಮೊದಲು ಶೇ 20, ಆಮೇಲೆ 25, 35, 45, ಐದನೆಯ ವರ್ಷಕ್ಕೆ 50. ಒಂದೇ ಒಂದು ಕ್ಲೇಮ್ ಮಾಡಿದರೂ, ಬೋನಸ್ ಉಳಿಸುವ ಹೆಚ್ಚುವರಿ ರಕ್ಷಣೆಯನ್ನು ಮೊದಲೇ ಕೊಂಡಿರದಿದ್ದರೆ, ಅದು ಸೊನ್ನೆಗೆ ಇಳಿಯುತ್ತದೆ. ಉದಾಹರಣೆಗೆ ಬೋನಸ್ ಕಳೆಯುವ ಮುಂಚಿನ ನಿಮ್ಮ ಸ್ವಂತ ಹಾನಿಯ ಪ್ರೀಮಿಯಂ 8,000 ರೂಪಾಯಿ ಎಂದುಕೊಳ್ಳೋಣ. ಶೇ 45 ಬೋನಸ್ ಇದ್ದಾಗ ಅದು 4,400; ಥರ್ಡ್ ಪಾರ್ಟಿಯ 3,416 ಮತ್ತು ಜಿಎಸ್‌ಟಿ ಸೇರಿ ಒಟ್ಟು ಸುಮಾರು 9,223 ರೂಪಾಯಿ. ಬೋನಸ್ ಹೋದರೆ ಇದೇ ಮೊತ್ತ 13,471. ಸರಿಸುಮಾರು ನಿಮ್ಮ ಒಂದೂವರೆ ಪಟ್ಟು. ಇಷ್ಟಕ್ಕೂ ಆ ಬಂಪರಿಗೆ ಕಂಪನಿ ಕೊಟ್ಟಿದ್ದೆಷ್ಟು ಎಂದು ಒಮ್ಮೆ ನೋಡಿ. ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಸವಕಳಿ ಎಂದು ಅರ್ಧ ಕಳೆಯುತ್ತಾರೆ, ಕಡ್ಡಾಯವಾಗಿ ನಾವೇ ಭರಿಸಬೇಕಾದ 1,000 ರೂಪಾಯಿ ಬೇರೆ. ಸಣ್ಣ ರಿಪೇರಿಯನ್ನು ಕೈಯಿಂದಲೇ ಮಾಡಿಸಿಕೊಳ್ಳುವುದು ಎಷ್ಟೋ ಸಲ ಅಗ್ಗ.

ಇನ್ನು ಥರ್ಡ್ ಪಾರ್ಟಿ ಮಾತ್ರ ಸಾಕೇ ಎಂಬ ಮಾತು. ಕಾನೂನಿಗೆ ಸಾಕು, ನಿಮ್ಮ ಕಾರಿಗೆ ಸಾಲದಿರಬಹುದು. ಮೇಲಿನ ಲೆಕ್ಕದಲ್ಲಿ ಥರ್ಡ್ ಪಾರ್ಟಿ ಮಾತ್ರ ಮಾಡಿಸಿದರೆ ಜಿಎಸ್‌ಟಿ ಸೇರಿ 4,031 ರೂಪಾಯಿಯಲ್ಲಿ ಮುಗಿಯುತ್ತದೆ. ಒಂಬತ್ತು ಸಾವಿರಕ್ಕೂ ಮೇಲೆ ಉಳಿತಾಯ, ಸಂಬಳವಿಲ್ಲದ ತಿಂಗಳಲ್ಲಿ ಅದು ಸಣ್ಣ ಹಣವಲ್ಲ. ಆದರೆ ನಿಂತ ಕಾರಿಗೆ ಅಪಾಯವಿಲ್ಲ ಎಂಬ ಊಹೆ ಬೆಂಗಳೂರಿನಲ್ಲಿ ನಿಲ್ಲುವುದಿಲ್ಲ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಮುಳುಗಿದ ಕಾರುಗಳಲ್ಲಿ ಬೇಸ್‌ಮೆಂಟಿನಲ್ಲಿ ಸುಮ್ಮನೆ ನಿಂತಿದ್ದವೂ ಇದ್ದವು. ಪ್ರವಾಹ, ಕಳವು, ಬೆಂಕಿ, ಮರ ಬೀಳುವುದು ಎಲ್ಲವೂ ಸ್ವಂತ ಹಾನಿಯ ಭಾಗಕ್ಕೆ ಸೇರಿದವು. ನನ್ನ ಅಳತೆಗೋಲು ಇಷ್ಟೇ: ಈ ಕಾರು ನಾಳೆ ಇಲ್ಲವಾದರೆ ಕೈಯಲ್ಲಿರುವ ಹಣದಿಂದ ಇನ್ನೊಂದನ್ನು ಕೊಳ್ಳಬಲ್ಲಿರಾ, ಅಥವಾ ಕಾರಿಲ್ಲದೆಯೇ ಇರಬಲ್ಲಿರಾ? ಎರಡಕ್ಕೂ ಇಲ್ಲ ಎನ್ನುವುದಾದರೆ ಈ ಭಾಗವನ್ನು ಬಿಡಬೇಡಿ. ಅದನ್ನು ಇಳಿಸುವ ದಾರಿ ನೋಡಿ.

ಇಳಿಸುವುದಕ್ಕೆ ಮೊದಲು ಕತ್ತರಿ ಹಾಕಬೇಕಾದದ್ದು ಹೆಚ್ಚುವರಿ ರಕ್ಷಣೆಗಳಿಗೆ. ಐದು ವರ್ಷದ ಕಾರಿಗೆ ಕಳೆದುಹೋದ ಕೀಲಿ, ಕಾರಿನೊಳಗಿನ ಸಾಮಾನು ಇತ್ಯಾದಿಗಳ ರಕ್ಷಣೆ ಬೇಡ; ಎಂಜಿನ್ ರಕ್ಷಣೆಯನ್ನು ಮಾತ್ರ, ನೀರು ನಿಲ್ಲುವ ಬಡಾವಣೆಯಲ್ಲಿದ್ದರೆ, ಉಳಿಸಿಕೊಳ್ಳಿ. ಎರಡನೆಯದಾಗಿ, ಓಡಿಸಿದಷ್ಟೇ ಪಾವತಿ ಎಂಬ ಬಗೆಯ ಪಾಲಿಸಿಗೆ ವಿಮಾ ಪ್ರಾಧಿಕಾರವು 2022ರ ಜುಲೈನಲ್ಲಿ ಅನುಮತಿ ಕೊಟ್ಟಿದೆ. ವರ್ಷಕ್ಕೆ ಇಷ್ಟು ಕಿಲೋಮೀಟರ್ ಎಂದು ಮೊದಲೇ ಒಪ್ಪಿಕೊಂಡರೆ ಸ್ವಂತ ಹಾನಿಯ ಪ್ರೀಮಿಯಂ ಇಳಿಯುತ್ತದೆ. ದಿನವೂ ಆಫೀಸಿಗೆ ಓಡಾಡುವುದು ನಿಂತಿರುವ ನಿಮ್ಮಂಥವರಿಗೆ ಇದು ಹೇಳಿ ಮಾಡಿಸಿದಂತಿದೆ. ಒಪ್ಪಿದ ಕಿಲೋಮೀಟರ್ ಮೀರಿದಾಗ ಏನಾಗುತ್ತದೆ ಎಂಬುದನ್ನು ಮಾತ್ರ ಕೊಳ್ಳುವ ಮುನ್ನ ಓದಿ.

ಕೆಲವು ಏಜೆಂಟರು ಇನ್ನೂ ಎರಡು ದಾರಿ ತೋರಿಸುತ್ತಾರೆ, ಅವು ನನಗೆ ಅಷ್ಟು ಒಪ್ಪಿಗೆಯಿಲ್ಲ. ಪ್ರತಿ ಕ್ಲೇಮಿನಲ್ಲೂ ಇಂತಿಷ್ಟು ಮೊತ್ತವನ್ನು ನಾವೇ ಭರಿಸುತ್ತೇವೆ ಎಂದು ಸ್ವಯಂಪ್ರೇರಿತವಾಗಿ ಒಪ್ಪುವುದು ಒಂದು. ಬಹುಕಾಲದಿಂದ ಬಳಕೆಯಲ್ಲಿರುವ ಪಟ್ಟಿಯ ಪ್ರಕಾರ 15,000 ರೂಪಾಯಿ ಒಪ್ಪಿಕೊಂಡರೆ ಸಿಗುವ ರಿಯಾಯಿತಿ ಹೆಚ್ಚೆಂದರೆ 2,500 ರೂಪಾಯಿ. ಕೈಯಲ್ಲಿ ಹಣವಿಲ್ಲದ ಹೊತ್ತಿನಲ್ಲೇ ಹದಿನೈದು ಸಾವಿರ ಹೊಂದಿಸಬೇಕಾದ ಪರಿಸ್ಥಿತಿಯನ್ನು ನಾವಾಗಿ ತಂದುಕೊಳ್ಳುವುದು ಜಾಣತನವಲ್ಲ. ಐಡಿವಿಯನ್ನು ತೀರಾ ಇಳಿಸುವುದು ಇನ್ನೊಂದು. ಪ್ರೀಮಿಯಂ ಕೆಲವು ನೂರು ಕಡಿಮೆಯಾದೀತು, ಕಾರು ಕಳವಾದ ದಿನ ಸಾವಿರಾರು ರೂಪಾಯಿ ಕಡಿಮೆ ಬರುತ್ತದೆ.

ಪ್ರಶ್ನೆ: ನನ್ನ ಪತಿಯ ಕಾರು ಅವರ ಕಂಪನಿಯ ಲೀಸ್ ಯೋಜನೆಯದು. ಪ್ರತಿ ತಿಂಗಳ ಸಂಬಳದಲ್ಲಿ ಬಾಡಿಗೆ ಕಡಿತವಾಗುತ್ತಿತ್ತು, ವಿಮೆಯೂ ಅದರಲ್ಲೇ ಸೇರಿತ್ತು. ಈಗ ಅವರನ್ನು ಕೆಲಸದಿಂದ ತೆಗೆದಿದ್ದಾರೆ. ಕಾರನ್ನು ಕೊಳ್ಳಬಹುದು ಅಥವಾ ಹಿಂದಿರುಗಿಸಬಹುದು ಎಂದು ಎಚ್‌ಆರ್‌ನವರು ಹೇಳಿದ್ದಾರೆ. ಕೊಂಡರೆ ಈಗಿರುವ ವಿಮೆಯೇ ಮುಂದುವರಿಯುತ್ತದೆಯೇ? ನಾಲ್ಕು ವರ್ಷದಿಂದ ಒಂದೂ ಕ್ಲೇಮ್ ಮಾಡಿಲ್ಲ, ಆ ಬೋನಸ್ ನಮಗೆ ಸಿಗಬೇಕಲ್ಲವೇ?

ಉತ್ತರ: ಸಿಗುವುದಿಲ್ಲ. ನೋ ಕ್ಲೇಮ್ ಬೋನಸ್ ಕಾರಿಗೆ ಅಂಟಿಕೊಂಡಿರುವುದಲ್ಲ, ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರಿಗೆ ಸೇರಿದ್ದು. ಇಂಥ ಯೋಜನೆಗಳಲ್ಲಿ ಆರ್‌ಸಿ ಸಾಮಾನ್ಯವಾಗಿ ಲೀಸಿಂಗ್ ಸಂಸ್ಥೆಯ ಹೆಸರಿನಲ್ಲಿರುತ್ತದೆ, ಪಾಲಿಸಿಯೂ ಹಾಗೆಯೇ. ನಾಲ್ಕು ವರ್ಷ ಜೋಪಾನವಾಗಿ ಓಡಿಸಿದವರು ನಿಮ್ಮ ಪತಿ. ಬೋನಸ್ ಕೂಡಿಕೊಂಡದ್ದು ಸಂಸ್ಥೆಯ ಲೆಕ್ಕಕ್ಕೆ. ಇದು ಅನ್ಯಾಯವೆನಿಸಿದರೂ ನಿಯಮ ಹೀಗಿದೆ. ಕಾರನ್ನು ಕೊಂಡು ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವಾಗ, ಉಳಿದಿರುವ ಅವಧಿಗೆ ಬೋನಸ್ಸಿನಷ್ಟು ವ್ಯತ್ಯಾಸದ ಹಣವನ್ನು ವಿಮಾ ಕಂಪನಿ ನಿಮ್ಮಿಂದ ಕೇಳುತ್ತದೆ. ಮುಂದಿನ ನವೀಕರಣಕ್ಕೆ ನೀವು ಸೊನ್ನೆಯಿಂದ ಎಣಿಕೆ ಶುರು ಮಾಡಬೇಕು.

ಇದಕ್ಕೊಂದು ಹೊರದಾರಿ ಇರಬಹುದು. ಲೀಸ್ ಕಾರು ಬರುವ ಮುಂಚೆ ನಿಮ್ಮ ಪತಿಯ ಹೆಸರಿನಲ್ಲಿ ಬೇರೆ ಕಾರು ಇದ್ದು, ಅದನ್ನು ಮಾರಿದಾಗ ಬೋನಸ್ ಕಾಯ್ದಿರಿಸಿದ ಪತ್ರವನ್ನು ಪಡೆದಿದ್ದರೆ ಅದು ಮೂರು ವರ್ಷದವರೆಗೆ ಚಲಾವಣೆಯಲ್ಲಿರುತ್ತದೆ. ನಿಮ್ಮ ಲೀಸಿಗೆ ನಾಲ್ಕು ವರ್ಷವಾಗಿರುವುದರಿಂದ, ಹಳೆಯ ಕಾರನ್ನು ತಡವಾಗಿ ಮಾರಿದ್ದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ. ಕಪಾಟಿನಲ್ಲಿ ಹುಡುಕಿ ನೋಡಿ.

ವಿಮೆ ಮುಂದುವರಿಯುತ್ತದೆಯೇ ಎಂಬ ನಿಮ್ಮ ಮೊದಲ ಪ್ರಶ್ನೆ ಬೋನಸ್ಸಿಗಿಂತ ಮುಖ್ಯವಾದದ್ದು. ಮೋಟಾರು ವಾಹನ ಕಾಯ್ದೆಯ 157ನೇ ಕಲಮಿನ ಪ್ರಕಾರ ಮಾಲೀಕತ್ವ ಬದಲಾದಾಗ ಥರ್ಡ್ ಪಾರ್ಟಿ ರಕ್ಷಣೆ ಹೊಸ ಮಾಲೀಕರಿಗೆ ತಾನಾಗಿಯೇ ವರ್ಗವಾದಂತೆ ಎಣಿಸಲಾಗುತ್ತದೆ, ಮತ್ತು ವರ್ಗಾವಣೆಯಾದ 14 ದಿನಗಳೊಳಗೆ ಹೊಸ ಮಾಲೀಕರು ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಸ್ವಂತ ಹಾನಿಯ ಭಾಗಕ್ಕೆ ಈ ಅನುಕೂಲವಿಲ್ಲ. ಆರ್‌ಸಿ ನಿಮ್ಮ ಪತಿಯ ಹೆಸರಿಗೆ ಬಂದು ಪಾಲಿಸಿ ಇನ್ನೂ ಲೀಸಿಂಗ್ ಸಂಸ್ಥೆಯ ಹೆಸರಿನಲ್ಲಿದ್ದಾಗ ಅಪಘಾತವಾದರೆ ಕಂಪನಿ ರಿಪೇರಿಯ ಹಣವನ್ನು ನಿರಾಕರಿಸಬಹುದು, ಹಾಗೆ ನಿರಾಕರಿಸಿದ ಪ್ರಕರಣಗಳು ಧಾರಾಳವಾಗಿವೆ. ಆದ್ದರಿಂದ ಆರ್‌ಟಿಒಗೆ 29 ಮತ್ತು 30ನೇ ನಮೂನೆಗಳನ್ನು ಕೊಟ್ಟ ದಿನವೇ ಸ್ವೀಕೃತಿಯ ಪ್ರತಿಯೊಡನೆ ವಿಮಾ ಕಂಪನಿಗೂ ಬರೆಯಿರಿ.

ಕೊಳ್ಳುವುದೋ ಹಿಂದಿರುಗಿಸುವುದೋ ಎಂದು ತೀರ್ಮಾನಿಸುವಾಗ ಎಚ್‌ಆರ್‌ನವರು ಕೊಟ್ಟ ಮೊತ್ತವೊಂದನ್ನೇ ನೋಡಬೇಡಿ. ಉಳಿದ ಬಾಡಿಗೆ, ಅವಧಿಗೆ ಮುಂಚೆ ಮುಗಿಸುವ ಶುಲ್ಕ, ಕಾರಿನ ಉಳಿಕೆ ಬೆಲೆ, ಹೆಸರು ಬದಲಾವಣೆಯ ಖರ್ಚು, ಇವುಗಳ ಮೇಲೆ ಬೋನಸ್ ಇಲ್ಲದ ಮೊದಲ ವರ್ಷದ ವಿಮೆ. ಹೊಸ ಕೆಲಸ ಬೇಗ ಸಿಗುವ ಭರವಸೆಯಿದ್ದರೆ, ಹೊಸ ಕಂಪನಿಗೂ ಅದೇ ಲೀಸಿಂಗ್ ಸಂಸ್ಥೆಯ ಜೊತೆ ಒಪ್ಪಂದವಿದ್ದಲ್ಲಿ ಲೀಸನ್ನು ಅಲ್ಲಿಗೆ ವರ್ಗಾಯಿಸಲು ಸಾಧ್ಯವೇ ಎಂದು ಲಿಖಿತವಾಗಿ ಕೇಳಿ. ಕೊನೆಯ ಲೆಕ್ಕ ಚುಕ್ತಾ ಆಗುವ ಮೊದಲು ಇದನ್ನು ಕೇಳಬೇಕು, ಆಮೇಲಲ್ಲ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದೆ. ಕಾರಿನ ವಿಮೆಯ ಅವಧಿ ಮುಗಿದು ಎರಡು ತಿಂಗಳ ಮೇಲಾಯಿತು, ಹಣ ಹೊಂದದೆ ಬಿಟ್ಟಿದ್ದೇನೆ. ಕಾರಿನ ಸಾಲ ಇನ್ನೂ ಇದೆ. ಕೆಲಸ ಸಿಕ್ಕ ಮೇಲೆ ಒಟ್ಟಿಗೆ ಮಾಡಿಸಿದರಾಯಿತು ಎಂದುಕೊಂಡಿದ್ದೇನೆ. ಕಂತಿನಲ್ಲಿ ಕಟ್ಟುವ ಅವಕಾಶವಿದೆಯೇ?

ಉತ್ತರ: ನಿಮಗೆ ಸಮಯ ಕಡಿಮೆ ಇರುವುದರಿಂದ ಈ ಉತ್ತರವನ್ನು ಅಚ್ಚಿಗೆ ಮೊದಲೇ ಅಂಚೆಯಲ್ಲಿ ಕಳಿಸಿದ್ದೇವೆ. ಅವಧಿ ಮುಗಿದ 90 ದಿನಗಳೊಳಗೆ ನವೀಕರಿಸದಿದ್ದರೆ ಕೂಡಿಟ್ಟ ನೋ ಕ್ಲೇಮ್ ಬೋನಸ್ ಪೂರ್ತಿ ಹೋಗುತ್ತದೆ. ಶೇ 50 ಬೋನಸ್ ಇದ್ದವರಿಗೆ ಸ್ವಂತ ಹಾನಿಯ ಪ್ರೀಮಿಯಂ ಒಮ್ಮೆಲೇ ಎರಡು ಪಟ್ಟಾಯಿತು ಎಂದೇ ಅರ್ಥ, ಮತ್ತು ಅದೇ ಮಟ್ಟಕ್ಕೆ ಮತ್ತೆ ಏರಲು ಐದು ವರ್ಷ ಬೇಕು. ಕೆಲಸ ಹೋದವರ ಕಾರು ವಿಮೆ ದುಬಾರಿಯಾಗುವ ಒಂದು ದಾರಿ ಇದು.

ಜೀವವಿಮೆಯಲ್ಲಿರುವಂತೆ ಕಾರಿಗೂ ಒಂದು ತಿಂಗಳ ರಿಯಾಯಿತಿ ಅವಧಿ ಇದೆಯೆಂದು ಬಹಳ ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಪಾಲಿಸಿ ಮುಗಿದ ಮಧ್ಯರಾತ್ರಿಯಿಂದಲೇ ರಕ್ಷಣೆ ನಿಲ್ಲುತ್ತದೆ. 90 ದಿನದ ಲೆಕ್ಕ ಬೋನಸ್ಸಿಗೆ ಮಾತ್ರ. ಈ ಎರಡು ತಿಂಗಳಲ್ಲಿ ನೀವು ಕಾರನ್ನು ರಸ್ತೆಗೆ ಇಳಿಸಿದ್ದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಆಗಬಹುದಾದ ಅಪರಾಧ ಮಾಡಿದಂತೆ. ಮತ್ತೆ ಸಿಕ್ಕಿಬಿದ್ದರೆ ದಂಡ 4,000. ದಂಡವಾದರೂ ಕಟ್ಟಿ ಮುಗಿಸುವಂಥದ್ದು. ಯಾರಿಗಾದರೂ ಡಿಕ್ಕಿಯಾಗಿ ಜೀವ ಹೋದರೆ ಅಪಘಾತ ಪರಿಹಾರ ನ್ಯಾಯಮಂಡಳಿ ವಿಧಿಸುವ ಮೊತ್ತವನ್ನು ನೀವೇ, ನಿಮ್ಮ ಆಸ್ತಿಯಿಂದ, ತೆರಬೇಕಾಗುತ್ತದೆ. ಆದ್ದರಿಂದ ವಿಮೆ ಆಗುವವರೆಗೆ ಕಾರನ್ನು ತೆಗೆಯಬೇಡಿ.

ಕಂತಿನ ವಿಷಯ. 1938ರ ವಿಮಾ ಕಾಯ್ದೆಯ 64 ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಮೊದಲು ಕೈಸೇರದೆ ಕಂಪನಿ ಹೊಣೆ ಹೊರುವಂತಿಲ್ಲ. ಇಎಂಐ ಎಂದು ಜಾಹೀರಾತಿನಲ್ಲಿ ಕಾಣುವುದು ಸಾಮಾನ್ಯವಾಗಿ ಬ್ಯಾಂಕು ಅಥವಾ ಕ್ರೆಡಿಟ್ ಕಾರ್ಡಿನವರು ಕೊಡುವ ಸಾಲ; ಅವರು ಪೂರ್ತಿ ಹಣವನ್ನು ವಿಮಾ ಕಂಪನಿಗೆ ಕಟ್ಟಿ ನಿಮ್ಮಿಂದ ಬಡ್ಡಿ ಸಮೇತ ವಸೂಲು ಮಾಡುತ್ತಾರೆ. ಬೋನಸ್ ಉಳಿಯುವುದಾದರೆ ಆ ಬಡ್ಡಿಯನ್ನು ಕೊಟ್ಟರೂ ನಿಮಗೆ ಲಾಭವೇ. ಚೆಕ್ ಕೊಡುವುದಾದರೆ ಖಾತೆಯಲ್ಲಿ ಹಣವಿರಲಿ. ಚೆಕ್ ಮರಳಿದರೆ ಪಾಲಿಸಿ ಇಲ್ಲವೆಂದೇ ಲೆಕ್ಕ.

ಸಾಲ ಇರುವುದರಿಂದ ಥರ್ಡ್ ಪಾರ್ಟಿಗೆ ಇಳಿಯುವ ದಾರಿ ನಿಮಗಿಲ್ಲ. ಕಾರು ಅಡಮಾನದಲ್ಲಿರುವಷ್ಟು ಕಾಲ ಪೂರ್ಣ ವಿಮೆ ಇರಬೇಕೆಂದು ಬ್ಯಾಂಕಿನ ಕರಾರಿನಲ್ಲಿ ಬರೆದಿರುತ್ತದೆ. ನವೀಕರಣಕ್ಕೆ ಮುಂಚೆ ಕಂಪನಿಯವರು ಕಾರನ್ನು ನೋಡಲು ಬರುತ್ತಾರೆ ಅಥವಾ ಮೊಬೈಲಿನಲ್ಲಿ ವಿಡಿಯೊ ಕೇಳುತ್ತಾರೆ. ಹಳೆಯ ಗೀರು, ತಗ್ಗುಗಳನ್ನು ಮುಚ್ಚಿಡದೆ ತೋರಿಸಿ.

ಪ್ರಶ್ನೆ: ಕೆಲಸ ಹೋದ ಮೇಲೆ ಮಂಗಳೂರಿನಲ್ಲಿ ನನ್ನ ಸ್ವಂತ ಕಾರನ್ನೇ ಬಾಡಿಗೆಗೆ ಓಡಿಸುವ ಯೋಚನೆಯಲ್ಲಿದ್ದೇನೆ. ಬೆಳಿಗ್ಗೆ ಹತ್ತಿರದ ಮನೆಗಳ ಮಕ್ಕಳನ್ನು ತಿಂಗಳ ಲೆಕ್ಕದಲ್ಲಿ ಶಾಲೆಗೆ ಬಿಡುವುದು, ಹಗಲು ಪಾರ್ಸೆಲ್ ತಲುಪಿಸುವುದು. ವಿಮೆ ಬದಲಾಯಿಸಬೇಕೇ?

ಉತ್ತರ: ಬದಲಾಯಿಸಲೇಬೇಕು, ಮತ್ತು ವಿಮೆ ಮಾತ್ರವಲ್ಲ. ನಿಮ್ಮ ಖಾಸಗಿ ಕಾರಿನ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಸಾಲುಗಳನ್ನು ಓದಿ. ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಓಡಿಸುವುದು, ಸ್ವಂತ ಸಾಮಾನು ಮತ್ತು ಮಾದರಿಗಳ ಹೊರತಾಗಿ ಸರಕು ಸಾಗಿಸುವುದು ಎರಡನ್ನೂ ಅಲ್ಲಿ ಸ್ಪಷ್ಟವಾಗಿ ಹೊರಗಿಟ್ಟಿರುತ್ತಾರೆ. ತಿಂಗಳಿಗೆ ಇಷ್ಟೆಂದು ಹಣ ಪಡೆದು ಮಕ್ಕಳನ್ನು ಕರೆದೊಯ್ಯುವುದು ಬಾಡಿಗೆಯೇ, ಪರಿಚಯದವರ ಮಕ್ಕಳಾದರೂ. ಬಿಳಿ ಬೋರ್ಡಿನ ಕಾರಿನಲ್ಲಿ ಇದನ್ನು ಮಾಡುವುದು ಪರ್ಮಿಟ್ ಇಲ್ಲದ ಅಪರಾಧವೂ ಹೌದು. ಅಪಘಾತವಾದರೆ ಸ್ವಂತ ಹಾನಿಯ ಹಣ ಬರುವುದಿಲ್ಲ. ಗಾಯಗೊಂಡವರಿಗೆ ಕಂಪನಿ ಮೊದಲು ಪರಿಹಾರ ಕೊಡಬೇಕಾಗಿ ಬಂದರೂ ಅದನ್ನು ಆಮೇಲೆ ನಿಮ್ಮಿಂದ ವಸೂಲು ಮಾಡಲು ಮುಂದಾಗಬಹುದು.

ಹಳದಿ ಬೋರ್ಡಿಗೆ ಬದಲಾದರೆ ಖರ್ಚು ಹೇಗಿರುತ್ತದೆ ಎಂಬುದಕ್ಕೆ ಇದೇ 2022ರ ಪಟ್ಟಿಯನ್ನು ನೋಡಿ. 1,000ದಿಂದ 1,500 ಸಿಸಿಯ ಟ್ಯಾಕ್ಸಿಗೆ ಥರ್ಡ್ ಪಾರ್ಟಿ ದರ 7,940 ರೂಪಾಯಿ, ಜೊತೆಗೆ ಪ್ರತಿ ಪ್ರಯಾಣಿಕರ ಸೀಟಿಗೆ 978. ನಾಲ್ಕು ಸೀಟಿಗೆ ಒಟ್ಟು 11,852, ಜಿಎಸ್‌ಟಿ ಸೇರಿದರೆ ಸುಮಾರು 13,985. ಖಾಸಗಿ ಕಾರಿಗೆ ಕಟ್ಟುತ್ತಿದ್ದ 4,031ರ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಸ್ವಂತ ಹಾನಿಯ ಭಾಗ, ಪರ್ಮಿಟ್, ಎಫ್‌ಸಿ (ವಾಹನದ ಯೋಗ್ಯತಾ ಪತ್ರ), ತೆರಿಗೆ ಎಲ್ಲ ಪ್ರತ್ಯೇಕ. ಕೆಲವೇ ತಿಂಗಳ ಮಟ್ಟಿಗೆ ಮಾಡುವ ಕೆಲಸವಾದರೆ ಇಷ್ಟೆಲ್ಲ ಬದಲಾವಣೆ ಗಿಟ್ಟುವುದಿಲ್ಲ. ಬೇರೆಯವರ ಹಳದಿ ಬೋರ್ಡ್ ಗಾಡಿಗೆ ಚಾಲಕರಾಗಿ ಹೋಗುವುದು ಮೇಲು ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ಕಂಪನಿಯ ಗುಂಪು ಅಪಘಾತ ವಿಮೆ ಇದೆಯೆಂದು ಕಾರಿನ ಪಾಲಿಸಿಯಲ್ಲಿ ಮಾಲೀಕ-ಚಾಲಕರ ಅಪಘಾತ ವಿಮೆಯನ್ನು ಬಿಟ್ಟಿದ್ದೆ. ಈಗ ಕೆಲಸವಿಲ್ಲ. ಏನಾದರೂ ಮಾಡಬೇಕೇ? (ತುಮಕೂರು)

ಉತ್ತರ: ಇಂದೇ ಮಾಡಬೇಕು. ಮಾಲೀಕರೇ ಓಡಿಸುವ ಕಾರಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯ. ಅಷ್ಟೇ ಮೊತ್ತದ ಬೇರೆ ಅಪಘಾತ ವಿಮೆ ಇದ್ದವರಿಗೆ ಮಾತ್ರ ವಿನಾಯಿತಿ. ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ವಿಮಾ ಕಂಪನಿಗೆ ತಿಳಿಸಿ ಅದನ್ನು ನಡುವೆಯೇ ಸೇರಿಸಿಕೊಳ್ಳಿ, ಅಥವಾ ಪ್ರತ್ಯೇಕವಾಗಿ ಕೊಳ್ಳಿ. ವರ್ಷಕ್ಕೆ ಕೆಲವು ನೂರು ರೂಪಾಯಿಯ ಮಾತು. ದುಡಿಯುವವರು ಒಬ್ಬರೇ ಇರುವ ಮನೆಯಲ್ಲಿ ಉಳಿಸಬಾರದ ಕೆಲವು ನೂರು ಇವು.

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾಳೆ, ಅಣ್ಣನ ಮಗ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಇಬ್ಬರಿಗೂ ಈ ವರ್ಷ ಕೆಲಸ ಹೋಯಿತು. ಕಾರಿನ ವಿಮೆಯವರಿಗೆ ಹೇಳಿದರೆ ದರ ಏರುತ್ತದೆಂದು ಮಗಳು ಸುಮ್ಮನಿದ್ದಾಳೆ. ಅಲ್ಲಿಯೂ ಇಲ್ಲಿನಂತೆಯೇ ನಿಯಮವೇ? (ಮೈಸೂರು)

ಉತ್ತರ: ಅಲ್ಲ. ನಿಮ್ಮ ಮಗಳು ಸುಮ್ಮನಿರುವುದು ತಪ್ಪು ಎಂದು ಅವಳಿಗೆ ಹೇಳಿ. ಬ್ರಿಟನ್ನಿನಲ್ಲಿ ವಿಮಾ ಕಂಪನಿಗಳು ವೃತ್ತಿಯನ್ನು ನೇರವಾಗಿ ಕೇಳಿ ಅದರ ಮೇಲೆ ದರ ಕಟ್ಟುತ್ತವೆ, ನಿರುದ್ಯೋಗಿ ಎಂಬುದೂ ಆ ಪಟ್ಟಿಯಲ್ಲಿ ಒಂದು ಆಯ್ಕೆ. ಅದನ್ನು ಆರಿಸಿದರೆ ದರ ಏರುವುದುಂಟು. ಆದರೆ 2012ರ ಗ್ರಾಹಕ ವಿಮಾ ಕಾಯ್ದೆಯ ಪ್ರಕಾರ ಪಾಲಿಸಿ ಕೊಳ್ಳುವಾಗ, ನವೀಕರಿಸುವಾಗ ಸುಳ್ಳು ಮಾಹಿತಿ ಹೋಗದಂತೆ ಎಚ್ಚರ ವಹಿಸುವುದು ಗ್ರಾಹಕರ ಹೊಣೆ. ಅಜಾಗರೂಕತೆಯ ತಪ್ಪಾದರೆ ಪರಿಹಾರವನ್ನು ಪ್ರಮಾಣಕ್ಕೆ ತಕ್ಕಂತೆ ಇಳಿಸಬಹುದು, ಬೇಕೆಂದೇ ಮಾಡಿದ್ದಾದರೆ ಪಾಲಿಸಿಯನ್ನೇ ರದ್ದೆಂದು ಎಣಿಸಬಹುದು. ಅವಧಿಯ ನಡುವೆ ಕೆಲಸ ಬದಲಾದರೂ ತಿಳಿಸಬೇಕೆಂದು ಹೆಚ್ಚಿನ ಪಾಲಿಸಿಗಳಲ್ಲಿ ಷರತ್ತು ಇರುತ್ತದೆ. ತಿಳಿಸುವಾಗಲೇ, ಆಫೀಸಿಗೆ ಓಡಾಡುವುದು ನಿಂತಿದೆ, ವರ್ಷದ ಮೈಲಿ ಕಡಿಮೆಯಾಗಿದೆ ಎಂದೂ ಹೇಳಿದರೆ ಏರಿಕೆ ಒಂದಿಷ್ಟು ಸರಿದೂಗಬಹುದು.

ತಿಂಗಳ ಕಂತಿನಲ್ಲಿ ಕಟ್ಟುತ್ತಿದ್ದರೆ ಅದನ್ನು ತಪ್ಪಿಸಬಾರದು. ಕಂಪನಿಯೇ ಪಾಲಿಸಿ ರದ್ದು ಮಾಡಿದರೆ ಮುಂದೆ ಯಾವ ಕಂಪನಿಯ ಬಳಿ ಹೋದರೂ ಆ ವಿಷಯವನ್ನು ಹೇಳಿಕೊಳ್ಳಬೇಕಾಗಿ ಬರುತ್ತದೆ, ಅದರ ಹೊರೆ ನಿರುದ್ಯೋಗಿ ಎಂದು ಬರೆಯುವುದಕ್ಕಿಂತ ಹೆಚ್ಚು. ಕಾರನ್ನು ಕೆಲಕಾಲ ನಿಲ್ಲಿಸಿಬಿಡುವುದಾದರೆ ರಸ್ತೆಯಲ್ಲಿ ಬಳಸುತ್ತಿಲ್ಲವೆಂದು ಅಲ್ಲಿನ ವಾಹನ ಇಲಾಖೆಗೆ ಘೋಷಣೆ ಕೊಟ್ಟು, ಮನೆಯ ಆವರಣದೊಳಗೆ ಇಟ್ಟು, ಆಮೇಲೆ ವಿಮೆ ನಿಲ್ಲಿಸಬಹುದು. ಘೋಷಣೆ ಕೊಡದೆ ವಿಮೆಯಿಲ್ಲದ ಕಾರನ್ನು ಸುಮ್ಮನೆ ಇಟ್ಟುಕೊಳ್ಳುವುದೇ 2011ರಿಂದ ಅಲ್ಲಿ ಅಪರಾಧ.

ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಕ್ಯಾಲಿಫೋರ್ನಿಯ, ಹವಾಯಿ, ಮ್ಯಾಸಚುಸೆಟ್ಸ್‌ಗಳಲ್ಲಿ ಕಾರು ವಿಮೆಯ ದರಕ್ಕೆ ಕ್ರೆಡಿಟ್ ಚರಿತ್ರೆಯನ್ನು ಬಳಸುವಂತಿಲ್ಲ. ನಿಮ್ಮ ಅಣ್ಣನ ಮಗ ಇರುವ ಟೆಕ್ಸಸ್‌ನಲ್ಲಿ ಬಳಸಬಹುದು. ಕೆಲಸ ಹೋದದ್ದು ಕ್ರೆಡಿಟ್ ವರದಿಯಲ್ಲಿ ಕಾಣುವುದಿಲ್ಲ. ಆದರೆ ಆಮೇಲೆ ಕಾರ್ಡಿನ ಬಾಕಿ ಬೆಳೆದು ಕಂತುಗಳು ತಪ್ಪಿದರೆ ಅಂಕ ಇಳಿದು, ಮುಂದಿನ ನವೀಕರಣದಲ್ಲಿ ಕಾರು ವಿಮೆ ಏರುತ್ತದೆ. ಮೊದಲ ಪತ್ರದವರ ಪಕ್ಕದ ಮನೆಯವರು ಹೇಳಿದ ಸಿಬಿಲ್ ಮಾತು ನಿಜವಾಗಿ ಅಲ್ಲಿಗೆ ಸೇರಿದ್ದು. ಟೆಕ್ಸಸ್‌ನ ವಿಮಾ ಕಾನೂನಿನಲ್ಲಿ ಇದಕ್ಕೊಂದು ಪರಿಹಾರವೂ ಇದೆ. ತಾತ್ಕಾಲಿಕವಾಗಿ ಕೆಲಸ ಕಳೆದುಕೊಂಡದ್ದು, ಗಂಭೀರ ಕಾಯಿಲೆ, ವಿಚ್ಛೇದನ ಮುಂತಾದ ಕಾರಣಗಳಿಂದ ಕ್ರೆಡಿಟ್ ಕೆಟ್ಟಿದ್ದರೆ, ಗ್ರಾಹಕ ಲಿಖಿತವಾಗಿ ಕೇಳಿದಲ್ಲಿ ಕಂಪನಿ ಸೂಕ್ತ ವಿನಾಯಿತಿ ಕೊಡಬೇಕು. ಕೇಳದವರಿಗೆ ಇದು ಸಿಗುವುದಿಲ್ಲ. ಆದ್ದರಿಂದ ಕೆಲಸದಿಂದ ತೆಗೆದ ಪತ್ರದ ಪ್ರತಿಯೊಡನೆ ಒಂದು ಅರ್ಜಿ ಬರೆಯಲು ಅವನಿಗೆ ತಿಳಿಸಿ. ಕಾರಿನ ಸಾಲವಿದ್ದರೆ ವಿಮೆ ತಪ್ಪದಂತೆಯೂ ನೋಡಿಕೊಳ್ಳಲಿ. ತಪ್ಪಿದರೆ ಸಾಲ ಕೊಟ್ಟವರು ತಾವೇ ದುಬಾರಿ ವಿಮೆಯೊಂದನ್ನು ಮಾಡಿಸಿ ಅವನ ಕಂತಿಗೆ ಸೇರಿಸುತ್ತಾರೆ, ಅದು ಅವರ ಹಣಕ್ಕೆ ಭದ್ರತೆಯೇ ಹೊರತು ಅವನ ಹೊಣೆಗಾರಿಕೆಗೆ ಅಲ್ಲ.

ಪ್ರಶ್ನೆ: ಕೆಲಸ ಹೋಗಿ ಖರ್ಚು ನಿಭಾಯಿಸಲಾಗದೆ ಕಳೆದ ವಾರ ಕಾರು ಮಾರಿದೆ. ವಿಮೆ ಇನ್ನೂ ಏಳು ತಿಂಗಳಿದೆ, ಶೇ 50 ಬೋನಸ್ ಇತ್ತು. ಏನಾದರೂ ವಾಪಸ್ ಬರುತ್ತದೆಯೇ? (ಶಿವಮೊಗ್ಗ)

ಉತ್ತರ: ಬೋನಸ್ಸನ್ನು ಉಳಿಸಿಕೊಳ್ಳುವುದು ಮೊದಲ ಕೆಲಸ. ಕಾರು ಮಾರಿದ ದಾಖಲೆ ತೋರಿಸಿ ವಿಮಾ ಕಂಪನಿಯಿಂದ ಬೋನಸ್ ಕಾಯ್ದಿರಿಸಿದ ಪತ್ರವನ್ನು ಪಡೆಯಿರಿ. ಮೂರು ವರ್ಷದೊಳಗೆ ಯಾವ ಕಾರು ಕೊಂಡರೂ, ಬೇರೆ ಕಂಪನಿಯಲ್ಲಿ ವಿಮೆ ಮಾಡಿಸಿದರೂ, ಆ ಶೇ 50 ನಿಮ್ಮದು. ಇನ್ನು ಉಳಿದ ಅವಧಿಯ ಹಣ. ಕೊಂಡವರು ಅದೇ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವುದಾದರೆ ಅದರ ಬೆಲೆಯನ್ನು ಕಾರಿನ ಬೆಲೆಯಲ್ಲೇ ಸೇರಿಸಿ ಮಾತಾಡಬೇಕಿತ್ತು. ಅವರು ಬೇರೆ ಪಾಲಿಸಿ ಮಾಡಿಸಿದ್ದರೆ ಅದರ ಪ್ರತಿಯನ್ನು ಕೊಟ್ಟು ನಿಮ್ಮದನ್ನು ರದ್ದು ಮಾಡಿಸಬಹುದು; ಒಂದು ವರ್ಷದ ಪಾಲಿಸಿಯಾಗಿದ್ದು ಈ ಅವಧಿಯಲ್ಲಿ ಕ್ಲೇಮ್ ಮಾಡಿರದಿದ್ದರೆ ಉಳಿದ ದಿನಗಳ ಲೆಕ್ಕದಲ್ಲಿ ಹಣ ಮರಳಿಸಬೇಕೆಂದು ವಿಮಾ ಪ್ರಾಧಿಕಾರದ 2024ರ ಜೂನ್ ತಿಂಗಳ ಸುತ್ತೋಲೆ ಹೇಳುತ್ತದೆ.

ರದ್ದು ಮಾಡಿಸುವ ಮೊದಲು ಆರ್‌ಸಿ ಕೊಂಡವರ ಹೆಸರಿಗೆ ಬದಲಾಗಿದೆಯೇ ನೋಡಿ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಹೆಸರು ಬದಲಾಗುವವರೆಗೆ ಪಾಲಿಸಿ ಇರಲಿ. ಹಣ ಮರಳಿಸಲು ಕಂಪನಿ ಸತಾಯಿಸಿದರೆ ಮೊದಲು ಅಲ್ಲಿನ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ದೂರಿನ ಜೊತೆ ಪಾಲಿಸಿಯ ಪ್ರತಿ, ಮಾರಾಟದ ಕಾಗದ, ಹೊಸ ಆರ್‌ಸಿ ಮತ್ತು ಕಂಪನಿಗೆ ಬರೆದ ಪತ್ರದ ಸ್ವೀಕೃತಿ ಇರಲಿ.